ತೋಟದ ಇಂಟರ್‌ಕಾಮ್ ಗಂಟೆ ಸರಿಯಾಗಿ ಹೊಡೆಯುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಇವತ್ತಿಗೂ ತಂತಿ ಎಳೆದ ಇಂಟರ್‌ಕಾಮ್ ಇದೆ. ಬಂಗಲೆಯಿಂದ ಆಫೀಸಿಗೆ ಒಂದು ಲೈನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಹೌಸಿಗೆ ಒಂದು, ಗೇಟಿಗೆ ಇನ್ನೊಂದು. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ಇಂಟರ್‌ಕಾಮ್ 12 ವೋಲ್ಟ್ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ಯಾರಿಗೋ ಹಾವು ಕಚ್ಚಿತು, ಕಣದ ಹತ್ತಿರ ಆನೆ ಬಂತು ಅಂದರೆ ಮೊದಲು ಹೊಡೆಯಬೇಕಾದದ್ದು ಆ ಗಂಟೆ. ಅದು ಕೆಟ್ಟಿದೆ ಅಂತ ಗೊತ್ತಾದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

ಈ ಲೈನುಗಳೆಲ್ಲ ಬಂದು ಸೇರುವ, ಗಂಟೆ ಹೊಡೆಸುವ ಪೆಟ್ಟಿಗೆಗಳ ರಿಪೇರಿಯೇ ನನ್ನ ಕೆಲಸ. ಬರುವ ದೂರು ಹೆಚ್ಚಾಗಿ ಒಂದೇ ಥರ: ಮಾತು ಚೆನ್ನಾಗಿ ಕೇಳುತ್ತೆ, ಗಂಟೆ ಮಾತ್ರ ಸರಿಯಿಲ್ಲ. ಅರ್ಧಕ್ಕರ್ಧ ದೋಷ ನೀವೇ ಹಿಡಿಯಬಹುದು. ಉಳಿದದ್ದಕ್ಕೆ ಎಲ್ಲಿ ಕೈ ಬಿಡಬೇಕು ಅನ್ನುವುದನ್ನೂ ಹೇಳುತ್ತೇನೆ.

ಒಂದು ಮಾತು ಮೊದಲೇ. ಇದು ತೋಟದ ಒಳಗಿನ, ನಿಮ್ಮದೇ ಆದ ಲೈನಿಗೆ ಮಾತ್ರ. ಟೆಲಿಫೋನ್ ಕಂಪನಿಯ ಲೈನಿನಲ್ಲಿ ಗಂಟೆ ಬರುವುದು ಅವರ ಎಕ್ಸ್‌ಚೇಂಜಿನಿಂದ. ಅದನ್ನು ಬಿಚ್ಚಬೇಡಿ, ನಿಮ್ಮ ಪೆಟ್ಟಿಗೆಯನ್ನು ಅದಕ್ಕೆ ಸೇರಿಸಲೂಬೇಡಿ.

ಗಂಟೆ ಹುಟ್ಟುವುದು ಹೇಗೆ

ಹಳೇ ಫೋನಿನಲ್ಲಿ ಹಿಡಿ ತಿರುಗಿಸಿದರೆ ಆ ಕಡೆ ಗಂಟೆ ಹೊಡೆಯುತ್ತಿತ್ತು. ಕೈಯೇ ಜನರೇಟರ್ ಓಡಿಸುತ್ತಿತ್ತು. ಈಗ ಆ ಕೈಯ ಕೆಲಸವನ್ನು ಆಸಿಲೇಟರ್, ಅಂದರೆ ತಾನಾಗೇ ಒಂದೇ ತಾಳದಲ್ಲಿ ಅಲೆ ಹುಟ್ಟಿಸುವ ಸರ್ಕ್ಯೂಟ್, ಮಾಡುತ್ತದೆ. ನಮ್ಮ ದೇಶದಲ್ಲಿ ರಿಂಗ್ ಅಂದರೆ ಸುಮಾರು 75 ವೋಲ್ಟ್ ಎಸಿ, 25 ಹರ್ಟ್ಸ್, ಅಂದರೆ ಸೆಕೆಂಡಿಗೆ 25 ಅಲೆ. 0.4 ಸೆಕೆಂಡ್ ಹೊಡೆದು 0.2 ಸೆಕೆಂಡ್ ಬಿಟ್ಟು, ಮತ್ತೆ 0.4 ಸೆಕೆಂಡ್ ಹೊಡೆದು 2 ಸೆಕೆಂಡ್ ಸುಮ್ಮನಿರುತ್ತದೆ. ನಮ್ಮ ಕಿವಿಗೆ ಕೂತಿರುವ ಟ್ರಿಂಗ್-ಟ್ರಿಂಗ್ ಅದೇ.

ತೋಟದ ಪೆಟ್ಟಿಗೆಗಳಲ್ಲಿ ನಾನು ಹೆಚ್ಚು ನೋಡುವ ಜೋಡಣೆ ಸರಳ. ಸಿಡಿ4047 ಅನ್ನುವ ಸಣ್ಣ ಐಸಿ (ಹಲವು ಕಾಲಿನ ಎಲೆಕ್ಟ್ರಾನಿಕ್ ಚಿಪ್) 25 ಹರ್ಟ್ಸ್ ತಾಳ ಹಾಕುತ್ತದೆ. ಆ ತಾಳಕ್ಕೆ, ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಎರಡು ಮಾಸ್‌ಫೆಟ್‌ಗಳು ಒಂದಾದ ಮೇಲೊಂದು ಆನ್ ಆಗುತ್ತವೆ. ಅವು ತಿರುಗುಮುರುಗಾಗಿ ಜೋಡಿಸಿದ ಟ್ರಾನ್ಸ್‌ಫಾರ್ಮರಿಗೆ 12 ವೋಲ್ಟ್ ತಳ್ಳಿದರೆ ಆ ಕಡೆ 75 ವೋಲ್ಟ್ ಆಸುಪಾಸು ಬರುತ್ತದೆ.

ಈ ಭಾಗ ದಿನವಿಡೀ ಓಡುತ್ತಾ ಕೂತರೆ ಬ್ಯಾಟರಿ ಉಳಿಯುವುದಿಲ್ಲ. ಆದ್ದರಿಂದ ಅದನ್ನು ಮಲಗಿಸಿಟ್ಟಿರುತ್ತಾರೆ. ಕರೆ ಬಂದಾಗ ಮಾತ್ರ ಒಂದು ಟ್ರಾನ್ಸಿಸ್ಟರ್ ಸ್ವಿಚ್ ಅದಕ್ಕೆ ಕರೆಂಟ್ ಬಿಡುತ್ತದೆ. ಮಲಗಿದ್ದವನು ಕರೆದ ಕೂಡಲೇ ಎದ್ದು ಓಡಬೇಕು, ಕಣ್ಣುಜ್ಜುತ್ತಾ ಕೂತರೆ ಆಗಲ್ಲ. 0.4 ಸೆಕೆಂಡಿನಲ್ಲಿ 25 ಹರ್ಟ್ಸ್‌ನ ಅಲೆ ಹತ್ತೇ ಹತ್ತು. ಎದ್ದೇಳಲು ಕಾಲು ಸೆಕೆಂಡ್ ತೆಗೆದುಕೊಂಡರೆ ಅದರಲ್ಲಿ ಆರು ಅಲೆ ಹೋಯಿತು. ಕಡಿಮೆ ಕರೆಂಟಿನಲ್ಲಿ ಬದುಕಬೇಕು, ಕರೆದ ತಕ್ಷಣ ಏಳಬೇಕು. ಕೆಳಗೆ ಬರುವ ದೋಷಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು ತಪ್ಪಿದ್ದರಿಂದ ಆದವು.

ಮುಟ್ಟುವ ಮುಂಚೆ

ಬ್ಯಾಟರಿ 12 ವೋಲ್ಟ್ ಇರಬಹುದು, ಲೈನು ಹಾಗಲ್ಲ. ಲೈನಿನಲ್ಲಿ 48 ವೋಲ್ಟ್ ಡಿಸಿ ಮೊದಲೇ ಇರುತ್ತದೆ. ಅದರ ಮೇಲೆ 75 ವೋಲ್ಟ್ ಸೈನ್ ಅಲೆ ಕೂತರೆ ತುದಿಯಲ್ಲಿ 150 ವೋಲ್ಟ್ ದಾಟುತ್ತದೆ. ಒದ್ದೆ ಕೈ, ಒದ್ದೆ ನೆಲ ಇದ್ದರೆ ಒದೆತ ಜೋರಾಗಿಯೇ ಇರುತ್ತದೆ. ಏಣಿ ಮೇಲೆ ನಿಂತು ಜಾಯಿಂಟ್ ಹಿಡಿದಿರುವಾಗ ಯಾರಾದರೂ ಕರೆ ಮಾಡಿದರೆ ಬೀಳುವುದು ಗ್ಯಾರಂಟಿ. ಲೈನ್ ಮುಟ್ಟುವ ಮುಂಚೆ ಪೆಟ್ಟಿಗೆಯಲ್ಲಿ ಲೈನಿನ ಎರಡೂ ತಂತಿ ಬಿಚ್ಚಿ. "ಲೈನ್ ಕೆಲಸ ನಡೀತಿದೆ, ಯಾರೂ ಫೋನ್ ಮಾಡಬೇಡಿ" ಅಂತ ಆಫೀಸಿನಲ್ಲೂ ಹೇಳಿ ಹೋಗಿ.

ಹೂಮಳೆ ಸಮಯದಲ್ಲಿ, ಅಂದರೆ ಮಾರ್ಚ್-ಏಪ್ರಿಲ್‌ನಲ್ಲಿ, ಮಧ್ಯಾಹ್ನದ ಮೇಲೆ ಗುಡುಗು ಶುರುವಾದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಸಿಡಿಲು ಎಲ್ಲೋ ದೂರದ ಗುಡ್ಡಕ್ಕೆ ಬಡಿದರೂ ಕಿಲೋಮೀಟರುಗಟ್ಟಲೆ ಎಳೆದ ತಂತಿ ಅದನ್ನು ನಿಮ್ಮ ಕೈಗೆ ತಂದುಕೊಡಬಲ್ಲದು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಹರ್ಟ್ಸ್ ಅಳೆಯುವ ಒಂದು ಮೀಟರ್, ಸ್ಕ್ರೂಡ್ರೈವರ್, ಗಂಟೆ ಸರಿಯಾಗಿ ಹೊಡೆಯುತ್ತದೆ ಅಂತ ಗೊತ್ತಿರುವ ಒಂದು ಫೋನ್. ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಮಾಡುತ್ತಿದ್ದ ಡಯಲ್ ಫೋನ್ ಸಿಕ್ಕರೆ ಬಿಡಬೇಡಿ. ಲೋಹದ ಬಟ್ಟಲಿಗೆ ಸುತ್ತಿಗೆ ಬಡಿಯುವ ಅದರ ಗಂಟೆ ಬಹಳ ಪ್ರಾಮಾಣಿಕ ಮೀಟರ್. ವೋಲ್ಟೇಜ್ ಕಡಿಮೆಯಾದರೆ ಮೆತ್ತಗಾಗುತ್ತದೆ, ತಾಳ ತಪ್ಪಿದರೆ ದನಿ ಬದಲಾಗುತ್ತದೆ. ಬಟನ್ ಫೋನಿನ ಎಲೆಕ್ಟ್ರಾನಿಕ್ ಗಂಟೆ ಇದನ್ನೆಲ್ಲ ಮುಚ್ಚಿಟ್ಟುಬಿಡುತ್ತದೆ. ಇನ್ನೊಂದು, ಚಿಕ್ಕ ನಿಯಾನ್ ದೀಪ, ಸಾಲಿನಲ್ಲಿ 100 ಕಿಲೋ ಓಮ್ ರೆಸಿಸ್ಟರ್ ಬೆಸೆದದ್ದು. ಹತ್ತಿಕೊಳ್ಳಲು ಅದಕ್ಕೆ 65ರಿಂದ 90 ವೋಲ್ಟ್ ಬೇಕು. ಲೈನಿನ 48 ವೋಲ್ಟ್ ಡಿಸಿಗೆ ಅದು ಹತ್ತುವುದಿಲ್ಲ. ಹಾಗಾಗಿ ಮಿಣುಕಿತು ಅಂದರೆ ರಿಂಗ್ ಬಂತು ಅಂತಲೇ ಅರ್ಥ.

ಮೀಟರಿನ ಬಗ್ಗೆ ಒಂದು ಎಚ್ಚರಿಕೆ. ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲಿ ಡಿಸಿಗೂ ಏನೋ ಒಂದು ಸಂಖ್ಯೆ ತೋರಿಸುತ್ತವೆ. ಗಂಟೆ ಇಲ್ಲದಾಗಲೂ 100 ವೋಲ್ಟ್ ಎಸಿ ಅಂತ ತೋರಿಸಿದರೆ ಎರಡು ಕಡ್ಡಿ ಅದಲುಬದಲು ಮಾಡಿ. ಸೊನ್ನೆಗೆ ಇಳಿದರೆ ಅದು ಬರೀ ಡಿಸಿ. 25 ಹರ್ಟ್ಸ್‌ನಲ್ಲಿ ಅಂಕಿ ಕುಣಿಯುವುದೂ ಸಹಜ. 68, 79, 72 ಅಂತ ಓಡಾಡಿದರೆ ತಲೆ ಕೆಡಿಸಿಕೊಳ್ಳಬೇಡಿ.

ಲಕ್ಷಣ: ಮಾತು ಕೇಳುತ್ತದೆ, ಗಂಟೆ ಬರುವುದೇ ಇಲ್ಲ

ಮೊದಲು ಫೋನನ್ನು ತಿರುಗಿಸಿ ಕೆಳಗೆ ನೋಡಿ. ಗಂಟೆಯ ಸ್ವಿಚ್ ಆಫ್‌ನಲ್ಲಿ ಇದೆಯಾ? ಮಧ್ಯಾಹ್ನ ಮಲಗುವವರು ಆಫ್ ಮಾಡಿ ಮರೆತಿರುತ್ತಾರೆ. ಆಮೇಲೆ ಗೊತ್ತಿರುವ ಫೋನನ್ನು ಅದೇ ಜಾಗಕ್ಕೆ ಹಾಕಿ ಕರೆ ಮಾಡಿಸಿ. ಅದು ಹೊಡೆದರೆ ದೋಷ ಹಳೇ ಫೋನಿನದು. ಗಂಟೆಯ ಸಾಲಿನಲ್ಲಿ 1 ಮೈಕ್ರೊಫ್ಯಾರಡ್ ಆಸುಪಾಸಿನ ಕೆಪಾಸಿಟರ್ ಇರುತ್ತದೆ. ನಮ್ಮವರು ಕಂಡೆನ್ಸರ್ ಅನ್ನುತ್ತಾರೆ. ಅದು ಡಿಸಿ ತಡೆದು ರಿಂಗನ್ನು ಮಾತ್ರ ಒಳಗೆ ಬಿಡುತ್ತದೆ. ಅದರ ಒಳಗೆ ಸಂಪರ್ಕ ಕಡಿದರೆ ಮಾತಿಗೆ ಏನೂ ಆಗುವುದಿಲ್ಲ, ಗಂಟೆ ಮಾತ್ರ ಸತ್ತಿರುತ್ತದೆ. 250 ವೋಲ್ಟ್‌ನ ಹೊಸದು ಹಾಕಿದರೆ ಮುಗಿಯಿತು.

ಗೊತ್ತಿರುವ ಫೋನೂ ಹೊಡೆಯದಿದ್ದರೆ ಅದನ್ನು ಎತ್ತಿಕೊಂಡು ಪೆಟ್ಟಿಗೆಯ ಹತ್ತಿರ ಹೋಗಿ. ಲೈನ್ ಬಿಚ್ಚಿ, ಫೋನನ್ನು ನೇರವಾಗಿ ಪೆಟ್ಟಿಗೆಗೆ ಕಟ್ಟಿ. ಇಲ್ಲಿ ಹೊಡೆದರೆ ಪೆಟ್ಟಿಗೆ ಚೆನ್ನಾಗಿದೆ, ದೋಷ ದಾರಿಯಲ್ಲಿದೆ. ಇಲ್ಲೂ ಹೊಡೆಯದಿದ್ದರೆ ಬ್ಯಾಟರಿ ನೋಡಿ. ಈ ಒಂದು ಪರೀಕ್ಷೆಗೆ ಬೇಕಾಗುವುದು ಐದು ನಿಮಿಷ. ಅದನ್ನು ಬಿಟ್ಟು ನೇರವಾಗಿ ಪೆಟ್ಟಿಗೆ ಬಿಚ್ಚಿ ಬೆಸುಗೆ ಕಡ್ಡಿ ಹಿಡಿದವರು ಚೆನ್ನಾಗಿದ್ದ ಬೋರ್ಡನ್ನೇ ಹಾಳು ಮಾಡಿರುವುದನ್ನು ತುಂಬಾ ನೋಡಿದ್ದೇನೆ.

ಬ್ಯಾಟರಿಯನ್ನು ಸುಮ್ಮನಿರುವಾಗ ಅಳೆದರೆ ಪ್ರಯೋಜನವಿಲ್ಲ. ಹಳೇ ಬ್ಯಾಟರಿಯೂ 12.4 ವೋಲ್ಟ್ ತೋರಿಸುತ್ತದೆ. ಮೀಟರನ್ನು ಬ್ಯಾಟರಿಗೆ ಕಚ್ಚಿಸಿ, ಇನ್ನೊಬ್ಬರಿಂದ ಕರೆ ಮಾಡಿಸಿ. ಗಂಟೆ ಹೊಡೆಯುವಾಗ 11ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುಗಿದಿದೆ, ಇಲ್ಲವೇ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕೂತಿದೆ. ಗಂಟೆ ಟರ್, ಟರ್, ಟರ್ ಅಂತ ತುಂಡು ತುಂಡಾಗಿ ಬಂದರೂ ಇದೇ ಕಾರಣ ಇರಬಹುದು. ವೋಲ್ಟೇಜ್ ಕುಸಿದು ರಿಂಗ್ ನಿಲ್ಲುತ್ತದೆ, ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಶುರುವಾಗುತ್ತದೆ.

ಲಕ್ಷಣ: ಜೋಡಿ ಗಂಟೆಯಲ್ಲಿ ಮೊದಲನೆಯದು ನುಂಗಿಹೋಗುತ್ತದೆ

ಟ್ರಿಂಗ್-ಟ್ರಿಂಗ್ ಅನ್ನಬೇಕಾದದ್ದು "ಟ್... ಟ್ರಿಂಗ್" ಅನ್ನುತ್ತದೆ. ಗಮನ ಕೊಟ್ಟು ಕೇಳದಿದ್ದರೆ ಗೊತ್ತಾಗುವುದಿಲ್ಲ. ಎಲೆಕ್ಟ್ರಾನಿಕ್ ಗಂಟೆಯಾದರೆ ಮೊದಲನೆಯದು ಪೂರ್ತಿ ಮಾಯ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಇಂಥ ಅರ್ಧಂಬರ್ಧ ಸದ್ದಿಗೆ ಯಾರೂ ಓಗೊಡುವುದಿಲ್ಲ.

ಆಸಿಲೇಟರ್ ತಡವಾಗಿ ಏಳುತ್ತಿದೆ ಅನ್ನುವುದಕ್ಕೆ ಇದು ನೇರ ಗುರುತು.

ಹೋದ ವರ್ಷ ಸಕಲೇಶಪುರದ ಆಚೆಯ ಒಂದು ತೋಟದಲ್ಲಿ ಇದೇ ಆಯಿತು. ಅಲ್ಲಿನ ರೈಟರು (ತೋಟದ ಲೆಕ್ಕ ಬರೆಯುವವರು), "ನೋಡಿ ಸಾರ್, ಹೊಸ ಬ್ಯಾಟರಿ ಹಾಕಿದೀವಿ, ಫೋನೂ ಹೊಸದು. ಆದ್ರೂ ಹಿಂಗೇ" ಅಂದರು. ಪೆಟ್ಟಿಗೆ ತೆರೆದೆ. 4047ರ ಪಕ್ಕದಲ್ಲಿ ಒಂದು ಕೆಪಾಸಿಟರ್ ಹೆಬ್ಬೆರಳಿನ ಗಾತ್ರ ಇತ್ತು. ಅದರ ಕಾಲು ಬೋರ್ಡಿನ ತೂತಿಗೆ ಸರಿಹೋಗದೆ ಓರೆಯಾಗಿ ನಿಂತಿತ್ತು. ಮೇಲೆ 1000 ಮೈಕ್ರೊಫ್ಯಾರಡ್ ಅಂತ ಬರೆದಿತ್ತು. ಬೋರ್ಡಿನ ಮೇಲೆ ಅಚ್ಚಾಗಿದ್ದದ್ದು 10. ಹಿಂದೆ ರಿಪೇರಿ ಮಾಡಿದವರು ದೊಡ್ಡದಿದ್ದರೆ ಒಳ್ಳೆಯದು ಅಂತ ಹಾಕಿದ್ದರು.

ಐಸಿಗೆ ಕರೆಂಟ್ ಹೋಗುವ ದಾರಿಯಲ್ಲಿ 470 ಓಮ್ ರೆಸಿಸ್ಟರ್ ಇತ್ತು. 470 ಓಮ್ ಮೂಲಕ 10 ಮೈಕ್ರೊಫ್ಯಾರಡ್ ತುಂಬಲು ಬೇಕಾಗುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಅದರ ಕಾಲಮಾನ (ಎಷ್ಟು ಬೇಗ ತುಂಬುತ್ತದೆ ಅನ್ನುವ ಅಳತೆ, ಎರಡರ ಗುಣಲಬ್ಧ) 5 ಮಿಲಿಸೆಕೆಂಡಿಗೂ ಒಳಗೆ. 1000 ಹಾಕಿದರೆ ಅದು ನೂರು ಪಟ್ಟು, ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಮಾಸ್‌ಫೆಟ್‌ಗಳು ಅಲುಗಾಡಲು ಬೇಕಾದ ಐದು ವೋಲ್ಟ್ ಮುಟ್ಟುವಷ್ಟರಲ್ಲೇ ಕಾಲು ಸೆಕೆಂಡ್ ಕಳೆದಿರುತ್ತದೆ. ಮೊದಲ ಗಂಟೆಯ ಕೊನೆಯಲ್ಲಿ ಒಂದು "ಟ್" ಮಾತ್ರ ಉಳಿಯುತ್ತದೆ. 0.2 ಸೆಕೆಂಡ್ ಬಿಡುವಿನಲ್ಲಿ ಕೆಪಾಸಿಟರ್ ಪೂರ್ತಿ ಖಾಲಿಯಾಗುವುದಿಲ್ಲ, ಅದಕ್ಕೇ ಎರಡನೇ ಗಂಟೆ ಚೆನ್ನಾಗಿ ಬರುತ್ತದೆ. ಆಮೇಲೆ 2 ಸೆಕೆಂಡ್ ಸುಮ್ಮನಿದ್ದಾಗ ಖಾಲಿ, ಮತ್ತೆ ಮೊದಲಿನಿಂದ. ಹತ್ತರದ್ದು ಹಾಕಿದೆ. ಗಂಟೆ ಹೊಡೆದ ಸದ್ದಿಗೆ ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಬಂತು.

ಹಾಗಾಗಿ ಮೊದಲು ಕಣ್ಣಲ್ಲಿ ನೋಡಿ. ಬೋರ್ಡಿನ ಮೇಲೆ ಅಚ್ಚಾದ ಬೆಲೆಗೂ ಕೂತಿರುವ ಕೆಪಾಸಿಟರಿಗೂ ತಾಳೆ ಆಗುತ್ತಿದೆಯಾ? ಬೆಸುಗೆ ಹೊಸದಾಗಿ ಹೊಳೆಯುತ್ತಿರುವ ಜಾಗ ಯಾವುದು? ಉಬ್ಬಿದ ತಲೆಯ ಕೆಪಾಸಿಟರ್ ಇದ್ದರೆ ಅದನ್ನೂ ಬದಲಿಸಿ.

ಕೆಲವು ಹಳೇ ಪೆಟ್ಟಿಗೆಗಳಲ್ಲಿ 4047 ಬದಲು ವೀನ್ ಬ್ರಿಡ್ಜ್ ಅನ್ನುವ ಸೈನ್ ಆಸಿಲೇಟರ್ ಇರುತ್ತದೆ. ಅದರ ಆಂಪ್ಲಿಫೈಯರ್ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ವರ್ಧಿಸಿದರೆ ಮಾತ್ರ ಅಲೆ ಹುಟ್ಟುತ್ತದೆ. ಮೂರಕ್ಕೆ ಹತ್ತಿರ ಇದ್ದಷ್ಟೂ ಅಲೆ ಚೆಂದ, ಆದರೆ ನಿಧಾನ. ಗಂಟೆಗೆ ಚೆಂದದ ಅಲೆ ಬೇಕಾಗಿಲ್ಲ, ಬೇಗ ಬಂದರೆ ಸಾಕು. ಒಳಗಿನ ಪ್ರೀಸೆಟ್ಟನ್ನು (ಸ್ಕ್ರೂಡ್ರೈವರಿನಿಂದ ತಿರುಗಿಸುವ ಸಣ್ಣ ರೆಸಿಸ್ಟರ್) ಕೂದಲೆಳೆಯಷ್ಟು ತಿರುಗಿಸಿದರೆ ಸರಿಹೋಗುತ್ತದೆ. ತಿರುಗಿಸುವ ಮುಂಚೆ ಮೊದಲಿದ್ದ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿಕೊಳ್ಳಿ.

ಲಕ್ಷಣ: ಗಂಟೆ ಹೊಡೆಯದೆ ಗುಂಯ್ ಅನ್ನುತ್ತದೆ, ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ

ನಮ್ಮ ಮಲೆನಾಡಿನ ಖಾಸಾ ಕಾಯಿಲೆ ಇದು. ಆರಿದ್ರಾ ಮಳೆ ಹಿಡಿದರೆ ಶುರು, ಪುಷ್ಯ ಮಳೆಯ ಹೊತ್ತಿಗೆ ಜೋರು. ಗೋಡೆಗೆ ಬೂಷ್ಟು ಹಿಡಿಯುವ ಕಾಲದಲ್ಲಿ ಬೋರ್ಡಿಗೂ ಥಂಡಿ ಹಿಡಿಯುತ್ತದೆ.

4047ರಲ್ಲಿ ತಾಳ ನಿರ್ಧರಿಸುವುದು ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಒಂದು ಅಲೆಯ ಕಾಲ ಅಂದರೆ ಎರಡರ ಗುಣಲಬ್ಧದ 4.4 ಪಟ್ಟು. ಕರೆಂಟ್ ಉಳಿಸಬೇಕು ಅಂತ ಬೋರ್ಡ್ ಮಾಡಿದವರು ದೊಡ್ಡ ರೆಸಿಸ್ಟರ್, ಚಿಕ್ಕ ಕೆಪಾಸಿಟರ್ ಹಾಕಿರುತ್ತಾರೆ: 910 ಕಿಲೋ ಓಮ್, 0.01 ಮೈಕ್ರೊಫ್ಯಾರಡ್. ಲೆಕ್ಕಕ್ಕೆ ಸರಿಯಾಗಿ 25 ಹರ್ಟ್ಸ್. ಒಣ ಊರಿನಲ್ಲಿ ಇದಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಬೋರ್ಡಿನ ಮೇಲಿನ ತೇವ, ಧೂಳು, ಬೆಸುಗೆಯಲ್ಲಿ ಉಳಿದ ಅಂಟು ಎಲ್ಲ ಸೇರಿ ತಾವೇ ಒಂದು ರೆಸಿಸ್ಟರ್ ಆಗಿಬಿಡುತ್ತವೆ. ಆ ತೇವದ ದಾರಿಯೂ 910 ಕಿಲೋ ಓಮ್ ಇದೆ ಅಂದುಕೊಳ್ಳಿ. ಎರಡೂ ಸೇರಿದರೆ ಅರ್ಧ. ತಾಳ 50 ಹರ್ಟ್ಸ್‌ಗೆ ಏರಿತು. ಗಂಟೆಯ ಸುತ್ತಿಗೆಗೆ ಅಷ್ಟು ಬೇಗ ಆಚೀಚೆ ಓಡಲು ಆಗುವುದಿಲ್ಲ. ಬಟ್ಟಲು ಮುಟ್ಟದೆ ನಡುವೆ ನಡುಗುತ್ತಾ ಗುಂಯ್ ಅನ್ನುತ್ತದೆ.

ಆಲ್ದೂರಿನ ಹತ್ತಿರ ಒಂದು ಪೆಟ್ಟಿಗೆಯನ್ನು ಅಡುಗೆಮನೆಯ ಹೊರಗೋಡೆಗೆ ಹೊಡೆದಿದ್ದರು. ಬೆಳಿಗ್ಗೆ ಏಳಕ್ಕೆ ಹೋಗಿ ಮೀಟರ್ ಹಿಡಿದೆ, 41 ಹರ್ಟ್ಸ್. ಬೋರ್ಡನ್ನು ಬಿಚ್ಚಿ 60 ವ್ಯಾಟ್‌ನ ಹಳೇ ಬಲ್ಬಿನ ಕೆಳಗೆ ಒಂದು ತಾಸು ಇಟ್ಟೆವು. ಮನೆಯವರು ಕಾಫಿ ಕೊಟ್ಟರು. ಮತ್ತೆ ಹಾಕಿದಾಗ 26. ಅದರ ಮೇಲೆ ಬಾಯಿಂದ ಒಂದು ಸಲ "ಹಾ" ಅಂತ ಉಸಿರು ಬಿಟ್ಟೆ. ಕಣ್ಣೆದುರೇ ಅಂಕಿ 30 ದಾಟಿತು.

ನೀವು ಮಾಡಬೇಕಾದದ್ದೂ ಇಷ್ಟೇ. ಬ್ಯಾಟರಿ ಬಿಚ್ಚಿ, ಬೋರ್ಡ್ ಒಣಗಿಸಿ, ಮತ್ತೆ ಜೋಡಿಸಿ ನೋಡಿ. ಸರಿಹೋದರೆ ಕಾರಣ ತೇವವೇ. ಬಲ್ಬನ್ನು ಗೇಣು ದೂರ ಇಡಿ. ಒಲೆಯ ಮೇಲೆ ಇಡಬೇಡಿ, ಕಾಫಿ ಡ್ರೈಯರ್ ಒಳಗಂತೂ ಬೇಡವೇ ಬೇಡ. ಮೀಟರ್ ಇದ್ದರೆ ಐಸಿಯ 10ನೇ ಕಾಲಿನಲ್ಲಿ ಗಂಟೆ ಹೊಡೆಯುವಾಗ 25 ಹರ್ಟ್ಸ್ ಬರಬೇಕು, 13ನೇ ಕಾಲಿನಲ್ಲಿ ಅದರ ಎರಡು ಪಟ್ಟು, 50. ಎರಡೂ ಇದೇ ಲೆಕ್ಕದಲ್ಲಿ ಇದ್ದರೆ ಐಸಿ ಚೆನ್ನಾಗಿದೆ.

ಒಣಗಿಸುವುದು ಪರೀಕ್ಷೆ ಮಾತ್ರ, ಒಂದು ರಾತ್ರಿ ಕಳೆದರೆ ತೇವ ಮತ್ತೆ ಬರುತ್ತದೆ. ಮೊದಲ ಕೆಲಸ, ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ಐಸಿಯ 1, 2, 3ನೇ ಕಾಲುಗಳ ಸುತ್ತ ಉಜ್ಜಿ ತೊಳೆಯುವುದು. ಕಂದು ಬಣ್ಣದ ಅಂಟು ಎದ್ದು ಬರುತ್ತದೆ. ಎರಡನೆಯದು, ನಾನು ಪ್ರತಿ ಪೆಟ್ಟಿಗೆಗೂ ಮಾಡುವ ಬದಲಾವಣೆ. 910 ಕಿಲೋ ಓಮ್ ತೆಗೆದು 91 ಕಿಲೋ ಓಮ್, 0.01 ತೆಗೆದು 0.1 ಮೈಕ್ರೊಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್. ಗುಣಿಸಿದರೆ ಅದೇ 25 ಹರ್ಟ್ಸ್. ಆದರೆ ಈಗ ಅದೇ 910 ಕಿಲೋ ಓಮ್ ತೇವ ಹಿಡಿದರೆ ತಾಳ 50ಕ್ಕೆ ಹೋಗದೆ 27-28ಕ್ಕೆ ನಿಲ್ಲುತ್ತದೆ. ಗಂಟೆಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇದಕ್ಕೆ ಜಾಸ್ತಿ ಖರ್ಚಾಗುವ ಕರೆಂಟ್ ಮಿಲಿಆಂಪಿನ ಹತ್ತನೇ ಒಂದು ಭಾಗದಷ್ಟು, ಅದೂ ಗಂಟೆ ಹೊಡೆಯುವಾಗ ಮಾತ್ರ. ಒಂದು ಫೋನಿನ ಲೋಹದ ಗಂಟೆಯೇ ಸುಮಾರು 10 ಮಿಲಿಆಂಪ್ ಎಳೆಯುತ್ತದೆ. ಅದರ ಮುಂದೆ ಈ ಉಳಿತಾಯಕ್ಕೆ ಅರ್ಥವೇ ಇಲ್ಲ. ಕರೆಂಟ್ ಉಳಿಸುವುದು ಮಲಗಿದ್ದಾಗ, ಎದ್ದಾಗ ಗಟ್ಟಿಯಾಗಿ ಇರಬೇಕು. ಮಲೆನಾಡಿಗೆ ಪೆಟ್ಟಿಗೆ ಮಾಡುವವರು ಇದನ್ನು ಮೊದಲೇ ಮಾಡಬೇಕಿತ್ತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೊನೆಗೆ ಬೋರ್ಡಿಗೆ ಪಿಸಿಬಿ ವಾರ್ನಿಷ್ ಹಚ್ಚಿ. ಪೂರ್ತಿ ಒಣಗಿದ ಮೇಲೆ ಹಚ್ಚಬೇಕು, ಇಲ್ಲದಿದ್ದರೆ ತೇವ ಒಳಗೇ ಉಳಿಯುತ್ತದೆ. ಪೆಟ್ಟಿಗೆಯನ್ನು ಒಳಗೋಡೆಗೆ ಬದಲಾಯಿಸಿ.

ಲಕ್ಷಣ: ಗಂಟೆ ಶುರುವಾದರೆ ಫ್ಯೂಸ್ ಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿ

ತೇವ ಇನ್ನೂ ಜಾಸ್ತಿಯಾದರೆ ಆಸಿಲೇಟರ್ ಪೂರ್ತಿ ನಿಂತುಬಿಡುತ್ತದೆ. ಆಗ ಒಂದು ಮಾಸ್‌ಫೆಟ್ ಆನ್ ಆದದ್ದು ಆಫ್ ಆಗುವುದೇ ಇಲ್ಲ. ಬ್ಯಾಟರಿಯ ಕರೆಂಟ್ ನೇರವಾಗಿ ಸುರುಳಿಯಲ್ಲಿ ಹರಿಯುತ್ತದೆ. ಫ್ಯೂಸ್ ಹೋದದ್ದು ಒಳ್ಳೆಯದೇ ಆಯಿತು. ಅದರ ಜಾಗಕ್ಕೆ ತಾಮ್ರದ ಎಳೆ ಸುತ್ತಬೇಡಿ, ಬೆಂಕಿ ಹತ್ತುತ್ತದೆ. 1 ಆಂಪ್ ಇದ್ದ ಕಡೆ 1 ಆಂಪನ್ನೇ ಹಾಕಿ. ಒಣಗಿಸಿದ ಮೇಲೂ ಫ್ಯೂಸ್ ಹೋದರೆ ಮಾಸ್‌ಫೆಟ್ ಸುಟ್ಟಿದೆ. ಇಲ್ಲಿಂದ ಮುಂದೆ ಕೆಲಸ ಗೊತ್ತಿದ್ದವರಿಗೆ ಕೊಡಿ.

ಟ್ರಾನ್ಸ್‌ಫಾರ್ಮರ್ ಬದಲಿಸಿದ್ದಾರಾ ಅಂತಲೂ ವಿಚಾರಿಸಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 230 ವೋಲ್ಟ್‌ಗೆ 12-0-12ರದ್ದನ್ನು (ನಡುವಿನ ತಂತಿಯಿಂದ ಎರಡೂ ಕಡೆಗೆ 12 ವೋಲ್ಟ್ ಕೊಡುವಂಥದ್ದು) ತಿರುಗಿಸಿ ಹಾಕಿದರೆ ಎರಡು ಅನಾಹುತ. ಒಂದು, ಆ ಕಡೆ 75 ಬದಲು 230 ವೋಲ್ಟ್ ಕಡೆಗೆ ಏರುತ್ತದೆ. ಇದು ಜೀವಕ್ಕೇ ಅಪಾಯ. ಎರಡು, 50 ಹರ್ಟ್ಸ್‌ಗೆ ಮಾಡಿದ ಕೋರ್ (ಸುರುಳಿಯ ಒಳಗಿನ ಕಬ್ಬಿಣ) 25 ಹರ್ಟ್ಸ್‌ನಲ್ಲಿ ಅರ್ಧ ವೋಲ್ಟೇಜ್ ಮಾತ್ರ ತಾಳುತ್ತದೆ. ಅದಕ್ಕಿಂತ ಮೇಲೆ ಹೋದರೆ ಕೋರ್ ತುಂಬಿ, ಬ್ಯಾಟರಿಯಿಂದ ಸುಮ್ಮಸುಮ್ಮನೆ ಕರೆಂಟ್ ಎಳೆದು ಬಿಸಿಯಾಗುತ್ತದೆ. 36-0-36ರದ್ದು ಹಾಕಿದರೆ 77 ವೋಲ್ಟ್ ಬರುತ್ತದೆ, ಕೋರಿಗೂ ಆರಾಮ. ಸಿಗದಿದ್ದರೆ ಪಂಪ್‌ಸೆಟ್ ವೈಂಡಿಂಗ್ ಮಾಡುವವರ ಹತ್ತಿರ ಸುತ್ತಿಸಿ. 25 ಹರ್ಟ್ಸ್‌ಗೆ ಅಂತ ಮರೆಯದೆ ಹೇಳಿ.

ಲಕ್ಷಣ: ಒಂದೇ ಸಲ ಟ್ರಿಂಗ್ ಅಂದು ನಿಲ್ಲುತ್ತದೆ, ಯಾರೂ ರಿಸೀವರ್ ಎತ್ತಿಲ್ಲ

ರಿಸೀವರ್ ಎತ್ತಿದಾಗ ಲೈನಿನಲ್ಲಿ ಡಿಸಿ ಕರೆಂಟ್ ಹರಿಯುತ್ತದೆ. ಪೆಟ್ಟಿಗೆ ಅದನ್ನು ನೋಡಿ ಗಂಟೆ ನಿಲ್ಲಿಸುತ್ತದೆ. ಮಳೆಯಲ್ಲಿ ನೆನೆದ ಜಾಯಿಂಟಿನಲ್ಲೂ ಅದೇ ಥರ ಕರೆಂಟ್ ಸೋರುತ್ತದೆ. 5 ಕಿಲೋ ಓಮ್ ಸೋರಿಕೆ ಇದ್ದರೆ 48 ವೋಲ್ಟ್‌ಗೆ ಸುಮಾರು 10 ಮಿಲಿಆಂಪ್. ಯಾರೋ ಎತ್ತಿದರು ಅಂತ ಪೆಟ್ಟಿಗೆ ಮೋಸಹೋಗುತ್ತದೆ. ಆಸಿಲೇಟರಿನದು ಇಲ್ಲಿ ಏನೂ ತಪ್ಪಿಲ್ಲ.

ಲೈನಿನ ಎರಡೂ ತುದಿ ಬಿಚ್ಚಿ, ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ಮೆಗಾ ಓಮ್ ಲೆಕ್ಕದಲ್ಲಿ ಇದ್ದರೆ ಚೆನ್ನಾಗಿದೆ. 10 ಕಿಲೋ ಓಮ್‌ಗಿಂತ ಕಡಿಮೆ ಇದ್ದರೆ ಲೈನೇ ಕಳ್ಳ. ನಡುವಿನ ಜಾಯಿಂಟಿನಲ್ಲಿ ಬಿಚ್ಚಿ ಎರಡೂ ಕಡೆ ಅಳೆಯಿರಿ. ಕಡಿಮೆ ತೋರಿಸಿದ ಕಡೆಯನ್ನು ಮತ್ತೆ ಅರ್ಧ ಮಾಡಿ. ಮೂರ್ನಾಲ್ಕು ಸಲಕ್ಕೆ ಜಾಗ ಸಿಗುತ್ತದೆ. ನನಗೆ ಹೆಚ್ಚು ಸಿಕ್ಕಿರುವುದು ಸಿಲ್ವರ್ ಮರಕ್ಕೆ ಕಟ್ಟಿದ ಕಡೆ, ಮೆಣಸಿನ ಬಳ್ಳಿ ತಂತಿಯನ್ನು ಅಪ್ಪಿಕೊಂಡಲ್ಲಿ. ಟೇಪ್ ಸುತ್ತಿದ ಜಾಯಿಂಟನ್ನು ಬಿಚ್ಚಿದರೆ ಒಳಗಿಂದ ನೀರು ತೊಟ್ಟಿಕ್ಕುತ್ತದೆ. ಟೇಪಿನ ಬಾಯಿ ಕೆಳಗೆ ಇರುವಂತೆ ಬಗ್ಗಿಸಿ ಕಟ್ಟಿದರೆ ನೀರು ನಿಲ್ಲುವುದಿಲ್ಲ.

ಇದರ ತಿರುಗುಮುರುಗು ದೋಷವೂ ಇದೆ. ಎತ್ತಿದ ಮೇಲೂ ಗಂಟೆ ನಿಲ್ಲದೆ ಕಿವಿಯಲ್ಲಿ ಗರ್ರ್ ಅನ್ನುತ್ತದೆ. ತಕ್ಷಣ ರಿಸೀವರನ್ನು ಕಿವಿಯಿಂದ ದೂರ ಮಾಡಿ, ಕಿವಿಗೆ ಪೆಟ್ಟಾಗುತ್ತದೆ. ಆ ಲೈನನ್ನು ಬಿಚ್ಚಿಟ್ಟು ರಿಪೇರಿಯವರನ್ನು ಕರೆಯಿರಿ.

ಲಕ್ಷಣ: ಗಂಟೆ ಮೆತ್ತಗೆ

ಒಂದೇ ಲೈನಿಗೆ ಎಷ್ಟು ಫೋನ್ ಕಟ್ಟಿದ್ದೀರಿ ಎಣಿಸಿ. ಒಂದು ಲೋಹದ ಗಂಟೆಗೆ ಸುಮಾರು 0.8 ವ್ಯಾಟ್ ಬೇಕು. ಚಿಕ್ಕ ಪೆಟ್ಟಿಗೆ ಎರಡು ಮೂರಕ್ಕಿಂತ ಜಾಸ್ತಿ ಎಳೆಯಲಾರದು. ಒಂದೊಂದಾಗಿ ಬಿಚ್ಚಿ, ಜೋರಾದರೆ ಕಾರಣ ಸಿಕ್ಕಿತು.

ಲಕ್ಷಣ: ಸೆಕೆಂಡಿಗೊಂದು ಸಲ "ಟಿಣ್"

ಕರೆ ಇಲ್ಲ, ಆದರೂ ಗಡಿಯಾರದ ಹಾಗೆ ಟಿಣ್... ಟಿಣ್... ಅನ್ನುತ್ತದೆ. ಇದು ಕೇಳಿದರೆ ಫೋನನ್ನೂ ಮುಟ್ಟಬೇಡಿ, ಲೈನನ್ನೂ ಮುಟ್ಟಬೇಡಿ. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ ಸೆಕೆಂಡಿಗೆ ಸುಮಾರು ಒಂದು ಸಲ ಸಾವಿರಾರು ವೋಲ್ಟ್‌ನ ಪೆಟ್ಟು ಬಿಡುತ್ತದೆ. ಮರ ಬಿದ್ದು ಇಂಟರ್‌ಕಾಮ್ ತಂತಿ ಬೇಲಿಗೆ ತಾಗಿದ್ದರೆ, ಇಲ್ಲವೇ ಬೇಲಿಯ ಜೊತೆ ಉದ್ದಕ್ಕೂ ಹತ್ತಿರದಲ್ಲೇ ಸಾಗಿದ್ದರೆ ಆ ಪೆಟ್ಟು ಲೈನಿಗೆ ಬರುತ್ತದೆ. ಬೇಲಿಯ ಯಂತ್ರವನ್ನು ಆಫ್ ಮಾಡಿ ಕೇಳಿ. ಸದ್ದು ನಿಂತರೆ ಬೇಲಿ ಆಫ್ ಇರುವಾಗಲೇ ಹಗಲು ಹೊತ್ತಿನಲ್ಲಿ ಇಬ್ಬರು ಸೇರಿ ಲೈನ್ ನೋಡಿಕೊಂಡು ಬನ್ನಿ. ಎರಡು ತಂತಿ ಅಡ್ಡ ದಾಟಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿ, ಜೊತೆಜೊತೆಗೆ ಎಳೆಯಬೇಡಿ.

ಲಕ್ಷಣ: ಎರಡು ದಿನಕ್ಕೆ ಬ್ಯಾಟರಿ ಖಾಲಿ

ರಿಂಗ್ ಭಾಗ ಮಲಗುತ್ತಲೇ ಇಲ್ಲ. ಗಂಟೆ ಇಲ್ಲದ ಹೊತ್ತಿನಲ್ಲಿ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ. ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗೊಣಗುತ್ತಿದ್ದರೆ ಖಾತ್ರಿ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ಆ ನಡುವೆ ಮಿಲಿಆಂಪ್ ರೇಂಜಿನಲ್ಲಿ ಮೀಟರ್ ಹಾಕಿ. ನಾನು ನೋಡಿಕೊಳ್ಳುವ ಪೆಟ್ಟಿಗೆಗಳು ಸುಮ್ಮನಿರುವಾಗ 5ರಿಂದ 8 ಮಿಲಿಆಂಪ್ ಎಳೆಯುತ್ತವೆ. 150 ಇದ್ದರೆ ದಿನಕ್ಕೆ 3.6 ಆಂಪಿಯರ್-ಅವರ್. 7 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನ ಬರುವುದೂ ಕಷ್ಟ. ಕರೆಂಟ್ ಬಿಡುವ ಸ್ವಿಚ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತದೆ, ಅದನ್ನು ಬದಲಿಸಬೇಕು. ಹೊಸ ಬ್ಯಾಟರಿ ತರುವ ಮುಂಚೆ ಇದನ್ನು ನೋಡಿ, ದುಡ್ಡು ಉಳಿಯುತ್ತದೆ.

ಸಿಡಿಲು ಬಡಿದ ಮೇಲೆ

ಪೆಟ್ಟಿಗೆಯಿಂದ ಸುಟ್ಟ ವಾಸನೆ, ಬೋರ್ಡಿನ ಮೇಲೆ ಕಪ್ಪು ಮಸಿ, ಒಡೆದ ಐಸಿ ಕಂಡರೆ ಏನನ್ನೂ ಪರೀಕ್ಷಿಸಲು ಹೋಗಬೇಡಿ. ಬ್ಯಾಟರಿ ಬಿಚ್ಚಿ ಅಷ್ಟೇ. ಒಂದು ಭಾಗ ಬದಲಿಸಿ ಆನ್ ಮಾಡಿದರೆ ಅದರ ಹಿಂದಿನದು ಹೊಸದನ್ನೂ ಸುಡುತ್ತದೆ. ಲೈನಿನ ಬಾಯಲ್ಲಿ ಸಿಡಿಲಿನ ಪೆಟ್ಟನ್ನು ನೆಲಕ್ಕೆ ಇಳಿಸುವ ಗ್ಯಾಸ್ ಟ್ಯೂಬು, ಅರ್ತಿಂಗ್ ತಂತಿ ಎರಡನ್ನೂ ನೋಡಿಸಿ. ಅರ್ತಿಂಗ್ ಕಡ್ಡಿ ತುಕ್ಕು ಹಿಡಿದು ತುಂಡಾಗಿದ್ದರೆ ಗ್ಯಾಸ್ ಟ್ಯೂಬ್ ಇದ್ದೂ ಇಲ್ಲದ ಹಾಗೆ.

ರಿಪೇರಿಯವರಿಗೆ ಫೋನ್ ಮಾಡುವಾಗ ಇಷ್ಟು ಹೇಳಿ: ಪೆಟ್ಟಿಗೆಗೆ ನೇರವಾಗಿ ಕಟ್ಟಿದಾಗ ಫೋನ್ ಹೊಡೆಯಿತೋ ಇಲ್ಲವೋ, ಗಂಟೆ ಹೊಡೆಯುವಾಗ ಬ್ಯಾಟರಿ ಎಷ್ಟಕ್ಕೆ ಇಳಿಯಿತು, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ವ್ಯತ್ಯಾಸ ಇದೆಯಾ. ಆಗದಿದ್ದರೆ ಫೋನಿನ ಹತ್ತಿರ ಮೊಬೈಲ್ ಹಿಡಿದು ಆ ಸದ್ದನ್ನೇ ರೆಕಾರ್ಡ್ ಮಾಡಿ ಕಳಿಸಿ. ಬೇಕಾದ ಸಾಮಾನು ಮೊದಲೇ ಚೀಲಕ್ಕೆ ಹಾಕಿಕೊಂಡು ಬರಬಹುದು, ಘಾಟಿ ರಸ್ತೆಯಲ್ಲಿ ಎರಡು ಸಲ ಓಡಾಡುವುದು ತಪ್ಪುತ್ತದೆ.